ಮದುಮಗಳ ಕಣ್ಣಿನ ಎತ್ತರ

"ಈ ಸೊಟ್ಟ ಚಿತ್ರ ಬರ್ದಿರೋ ಪುಣ್ಯಾತ್ಮ ಯಾರು?"

ಅಷ್ಟೇ! ಕೆಳಗಡೆ ಉಳಿ, ಗರಗಸ, ಸುತ್ತಿಗೆ ಎಲ್ಲಾ ಒಂದೇ ಏಟಿಗೆ ನಿಂತ್ಹೋಯ್ತು. ದುಮ್ಯಾತ್ ಊರಲ್ಲಿ ಗರಗಸ ನಿಲ್ಲೋದು ಅಂದ್ರೆ ನೈಲ್ ನದಿ ನಿಂತ ಹಾಗೆ ಕಣ್ರೀ. ಸಾವಿನ ಮನೆ ಪಕ್ಕದಲ್ಲೂ ನಿಲ್ಲಲ್ಲ ಅದು!

ಮೆಟ್ಟಿಲ ಕೆಳಗೆ ನಿಂತಿದ್ದೋನು ಸೆರಾಗ್. ಮಾಲೀಕ ಹಾಜ್ ದೆಸೂಕಿ ಅವ್ರು ಪೀಠೋಪಕರಣದ ಕಾರ್ಖಾನೆಗೆ ಅವತ್ತೇ ತಂದ ಹೊಸ ಇಂಜಿನಿಯರ್. ಕೈರೋ ಪಕ್ಕದಲ್ಲಿ, ಅಮೆರಿಕಕ್ಕೆ ಸಾಮಾನು ಕಳಿಸೋ ದೊಡ್ಡ ಫ್ಯಾಕ್ಟರೀಲಿ ಇದ್ದೋನು. ಅವನ ಅಂಗಿ ಇಸ್ತ್ರಿ ಹೇಗಿತ್ತು ಅಂದ್ರೆ, ತೋಳಿನ ಗೆರೇಲಿ ಸೌತೆಕಾಯಿ ಹೆಚ್ಚಬಹುದಿತ್ತು.

ಮೆಟ್ಟಿಲ ಮೇಲೆ ಒಂದು ಹೆಣ್ಣು ಬಂದು ನಿಂತ್ಲು. ಸೊಂಟದ ಮೇಲೆ ಕೈ.

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ನಾನೇ ಬರ್ದಿದ್ದು. ರಾವಿಯಾ."

"ಇದು ಮುಂದಿನ ನೋಟ ಅಲ್ಲ, ಮೇಲಿನ ನೋಟ ಅಲ್ಲ, ಮಗ್ಗಲಿಂದೂ ಅಲ್ಲ. ಏನಮ್ಮಾ ಇದು?"

"ಬಾಗಿಲಿಂದ ನೋಡಿದ್ದು."

"ಯಾವ ಬಾಗಿಲು? ಚಿತ್ರದಲ್ಲಿ ಬಾಗಿಲೇ ಇಲ್ವಲ್ಲ!"

"ಬಾಗಿಲಲ್ಲಿ ನಿಂತೋರಿಗೆ ಬಾಗಿಲು ಕಾಣತ್ತಾ ಸಾಹೇಬ್ರೇ? ಅದು ಬೆನ್ನ ಹಿಂದೆ ಇರತ್ತೆ!"

ಕೆತ್ತನೆ ಕೆಲಸದ ಉಸ್ತಾ ಗನ್ನಾಮ್‌ಗೆ, ಆ ಮುದುಕನಿಗೆ, ಕುಡೀತಿದ್ದ ಟೀ ಮೂಗಲ್ಲಿ ಬಂತು. ಮಿಕ್ಕೋರೆಲ್ಲಾ ಹೋ ಅಂತ ನಕ್ರು. ಸೆರಾಗ್ ಮುಖ ಉಪ್ಪಿನಕಾಯಿ ಭರಣೀಲಿರೋ ಬೀಟ್ರೂಟ್ ಥರ ಆಯ್ತು.

ರಾವಿಯಾ ಗೆದ್ದೆ ಅಂತ ತಿರುಗಿ ಹೋದ್ಲು. ಆದ್ರೆ ಕುರ್ಚಿ ಮೇಲೆ ಕೂತ ಮೇಲೆ ಎದೆ ಒಳಗೆ ಯಾರೋ ಉಳಿ ಹೊಡೀತಿದ್ದ ಹಾಗೆ ಆಯ್ತು.

'ಥೂ! ಆ ಜಂಬದ ಕೋಳಿ ಕಣ್ಣು ಯಾಕೆ ಅಷ್ಟು ಕಪ್ಪಗಿರಬೇಕು…?'

*

ರಾವಿಯಾ ಕೆಲಸ ಏನು ಗೊತ್ತಾ? ಒಂದು ಹಿಡಿ ಮರದ ಪುಡೀನೂ ಬೀಳಿಸದೆ ಬೀರು ಮಾಡೋದು! ಕಂಪ್ಯೂಟರ್ ಒಳಗೇ ಮಂಚ, ಮೇಜು, ಬೀರು ಎಲ್ಲಾ ಕಟ್ಟಿ ನಿಲ್ಲಿಸ್ತಾಳೆ. ಅದಕ್ಕೆ ಮಾಡೆಲ್ ಅಂತಾರೆ. ಹಿಂದೆ ತಿರುಗಿಸು, ಮುಂದೆ ತಿರುಗಿಸು, ತಲೆಕೆಳಗೆ ಮಾಡು, ಪಾಪ, ಕುಂಯ್ ಅನ್ನಲ್ಲ. ಆಮೇಲೆ ಆ ಮಾಡೆಲನ್ನ ಹಾಳೆ ಮೇಲೆ ಇಳಿಸಿ ಬಡಗಿಗಳಿಗೆ ಕೊಡಬೇಕು. ಮುಂದಿನಿಂದ ಒಂದು ನೋಟ, ಮೇಲಿಂದ ಒಂದು, ಮಗ್ಗಲಿಂದ ಒಂದು. ಊರೋರೆಲ್ಲಾ ಮಾಡೋದು ಇಷ್ಟೇ.

ರಾವಿಯಾ ಮಾತ್ರ ನಾಕನೇದೊಂದು ಹಾಕ್ತಿದ್ಲು. ಮಾಡೆಲನ್ನ ತನಗೆ ಬೇಕಾದ ಹಾಗೆ ತಿರುಗಿಸಿ, ಅಲ್ಲೇ ನಿಲ್ಲಿಸಿ, ಆ ನೋಟಕ್ಕೊಂದು ಹೆಸರಿಟ್ಟು ಹಾಳೆ ಮೂಲೇಲಿ ಕೂರಿಸ್ತಿದ್ಲು. ಹೆಸರು ಏನು? 'ಬಾಗಿಲಿಂದ.'

ಯಾಕೆ ಅಂದ್ರೆ ಅವಳಮ್ಮ ಉಮ್ಮು ರಾವಿಯಾ (ಅಂದ್ರೆ ರಾವಿಯಾ ತಾಯಿ ಅಂತಾನೇ, ಊರೋರು ಕರೆಯೋದು ಹಾಗೆ) ಒಂದು ಮಾತು ಹೇಳ್ತಿದ್ಲು.

"ಹೊಸ ಮದುಮಗಳು ಮನೆ ಬಾಗಿಲು ತೆಗೆದಾಗ ಮೊದಲು ಕಾಣೋದು ಗಂಡನ ಮುಖ ಅಂದ್ಕೊಂಡಿದೀಯಾ? ಅವನು ಹಾಸಿಗೆ ಸುರುಳಿ ಹೊತ್ಕೊಂಡು ಹಿಂದೆ ಏದುಸಿರು ಬಿಡ್ತಿರ್ತಾನೆ. ಮೊದಲು ಕಾಣೋದು ಬೀರುವಿನ ಮಗ್ಗಲು. ಅದು ಚೆನ್ನಾಗಿದ್ರೆ ಗಂಡನೂ ಚೆನ್ನಾಗಿದಾನೆ ಅನ್ಸತ್ತೆ!"

ಅದಕ್ಕೇ ರಾವಿಯಾ ಪ್ರತಿ ಮದುಮಗಳ ತಾಯೀನೂ ಕೇಳ್ತಿದ್ಲು: "ನಿಮ್ಮ ಹುಡುಗಿ ಎಷ್ಟು ಎತ್ತರ?" ಅಷ್ಟೇ ಎತ್ತರದಲ್ಲಿ ಕಣ್ಣಿಟ್ಟು ನೋಟ ನಿಲ್ಲಿಸ್ತಿದ್ಲು. ಬಡಗಿಗಳು ಹಾಳೆ ಕೈಗೆ ಬಂದ ತಕ್ಷಣ ಮೊದಲು ಅದನ್ನೇ ನೋಡೋರು.

ಸೆರಾಗ್‌ಗೆ ಇದು ಹಿಡಿಸ್ಲಿಲ್ಲ. ದಿನಾ ಜಗಳ!

"ನಿಯಮದ ಪುಸ್ತಕದಲ್ಲಿ ಇದಿಲ್ಲ, ರಾವಿಯಾ ಅವ್ರೇ."

"ನಿಯಮದ ಪುಸ್ತಕ ಮದುವೆ ಆಗ್ತಿದ್ಯಾ? ಹೇಳಿ, ಅದರ ಎತ್ತರದಲ್ಲೂ ಒಂದು ಹಾಕ್ತೀನಿ."

ಒಂದಿನ ಅವನಿಗೇ ತಡ್ಕೊಳೋಕೆ ಆಗ್ಲಿಲ್ಲ. "ಸರಿ ತೋರ್ಸಿ. ಏನಿದೆ ಅದರಲ್ಲಿ ಅಂತ ನಾನೂ ನೋಡ್ತೀನಿ" ಅಂದ.

"ಕೂತ್ಕೊಂಡು ನೋಡಿದ್ರೆ ಗೊತ್ತಾಗಲ್ಲ. ಎದ್ದೇಳಿ. ಬಾಗಿಲಿಗೆ ಹೋಗಿ."

ಹೋದ.

"ಈಗ ನೀವು ಮದುಮಗಳು."

"ಏನು?!"

"ಮಂಡಿ ಬಗ್ಗಿಸಿ. ಇಷ್ಟುದ್ದದ ಮದುಮಗಳು ಒಂಟೆಗೂ ಹುಟ್ಟಲ್ಲ. ಇನ್ನೂ ಬಗ್ಗಿ… ಇನ್ನೂ… ಹಾಂ! ಈಗ ಒಳಗೆ ನೋಡಿ."

ಇಸ್ತ್ರಿ ಅಂಗಿ ಸಾಹೇಬ ಬಾಗಿಲಲ್ಲಿ ಮಂಡಿ ಬಗ್ಗಿಸಿ ನಿಂತ. ಕೆಳಗಿಂದ ಉಸ್ತಾ ಗನ್ನಾಮ್ "ಲುಲುಲುಲು" ಅಂತ ಮದುವೆ ಮನೆ ಹೆಂಗಸರ ಥರ ಕೂಗಿದ. ಬೀದಿ ತುದಿಯ ಬೇಯಿಸಿದ ಕಾಳು ಮಾರೋನವರೆಗೂ ಎಲ್ಲರೂ ನಕ್ರು.

ಸೆರಾಗ್ ನಗ್ಲಿಲ್ಲ. ಸುಮ್ನೆ ನೋಡಿದ. ಕಿಟಕಿ ಬೆಳಕು, ಅದರ ಮುಂದೆ ರಾವಿಯಾ ಮೇಜು, ಮೇಜಿನ ಮಗ್ಗಲು, ಅದರ ಪಕ್ಕ ರಾವಿಯಾ…

"ಎಲ್ಲಾ ಬೇರೆ ಥರ ಕಾಣತ್ತೆ" ಅಂದ ಮೆಲ್ಲಗೆ.

"ಅಲ್ವಾ?" ಅಂದ್ಲು ಅವಳೂ ಮೆಲ್ಲಗೆ.

ಅವತ್ತಿಂದ ಅವನು ಮಶಬ್ಬಿಕ್ ತರೋಕೆ ಶುರು ಮಾಡ್ದ. ಜಿಲೇಬಿಯ ಅಕ್ಕನಂಥ ಸಿಹಿ ಅದು, ತಿಂದ್ರೆ ಬೆರಳು ಒಂದಕ್ಕೊಂದು ಅಂಟ್ಕೊಳತ್ತೆ. "ಉಸ್ತಾಗೆ ತಂದೆ, ಮಿಕ್ಕಿದೆ" ಅಂತಿದ್ದ. ಉಸ್ತಾಗೆ ಸಕ್ಕರೆ ಕಾಯಿಲೆ ಅಂತ ಇಡೀ ದುಮ್ಯಾತ್‌ಗೆ ಗೊತ್ತು!

*

ಆ ಹೊತ್ತಿಗೇ ಬಂತು ರಾಸ್ ಎಲ್ ಬರ್ ಕಡೆಯ ಬಹೀಗಾ ಅಮ್ಮನ ಆರ್ಡರ್. ಒಬ್ಬಳೇ ಮಗಳು, ಮದುವೆ ಬೇಗ. ಬೀರು ಒಂದು ಮಗ್ಗಲು ಗೋಡೆಗೆ ತಾಗತ್ತೆ, ಇನ್ನೊಂದು ಮಗ್ಗಲು ಬಾಗಿಲ ಕಡೆ. ಬಾಗಿಲ ಕಡೆ ಮಗ್ಗಲಿಗೆ ಮೇಲಿಂದ ಕೆಳಗೆ ದ್ರಾಕ್ಷಿ ಬಳ್ಳಿ ಕೆತ್ತಬೇಕು.

ರಾವಿಯಾ ಮಾಡೆಲ್ ಮುಗಿಸಿದ್ಲು. ಮದುಮಗಳ ಎತ್ತರ ಕೇಳಿ ಬಾಗಿಲಿನ ನೋಟ ನಿಲ್ಲಿಸಿದ್ಲು. ಅಷ್ಟರಲ್ಲಿ ಅವಳ ಚಿಕ್ಕಮ್ಮನ ಮಗಳ ಮೆಹಂದಿ ಬಂತು.

"ನಾಳೆ ನಾನಿರಲ್ಲ. ಹಾಳೆ ನೀವೇ ತೆಗೆದು ಕೊಡಿ" ಅಂದ್ಲು ಸೆರಾಗ್‌ಗೆ. "ಮೂಲೇಲಿ ಬಾಗಿಲಿನ ನೋಟ ಇರ್ಬೇಕು. ಮರೀಬೇಡಿ."

"ಮರೆಯೋಕಾಗತ್ತಾ? ಮಂಡಿ ಇನ್ನೂ ನೋಯ್ತಿದೆ" ಅಂದ.

ಅವಳು ಮೆಹಂದೀಲಿ ಕೂತು ಎಲ್ಲರ ಮುಂದೆ ಸುಮ್ಸುಮ್ನೆ ನಗ್ತಿದ್ಲು. 'ಹುಡುಗಿಗೆ ಗಾಳಿ ಗೀಳಿ ಸೋಕ್ತಾ?' ಅಂತ ಚಿಕ್ಕಮ್ಮಂಗೆ ಭಯ ಆಯ್ತು!

ಬೀರು ತಯಾರಾಯ್ತು, ಲಾರಿ ಹತ್ತಿ ಹೋಯ್ತು. ಅವತ್ತು ಮಧ್ಯಾಹ್ನಾನೇ ಬಹೀಗಾ ಅಮ್ಮ ಆಟೋದಿಂದ ಇಳಿದ್ಲು. ಇಳಿದ್ಲು ಅಂತೀನಾ… ಸಿಡಿಲು ಇಳೀತು ಅನ್ನಿ!

"ಹಾಜ್ ದೆಸೂಕಿ! ಬಾರಯ್ಯಾ ಹೊರಗೆ! ಬಳ್ಳಿ ಕೆತ್ತಿರೋದು ಗೋಡೆ ಕಡೆಗೆ! ಬಾಗಿಲ ಕಡೆಗೆ ಬೋಳು ಹಲಗೆ, ಶವದ ಪೆಟ್ಟಿಗೆ ಥರ! ಆ ದ್ರಾಕ್ಷೀನ ಯಾರು ನೋಡ್ಬೇಕು? ಗೋಡೆ ಮೇಲಿನ ಹಲ್ಲೀನಾ? ಹಲ್ಲಿಗೇನು ಮದುವೆ ಮಾಡ್ತಿದೀನಾ ನಾನು?"

ಹಾಜ್ ಹಾಳೆ ತರಿಸಿದ್ರು. ಎಲ್ಲರೂ ಸುತ್ತ ನೆರೆದ್ರು. ರಾವಿಯಾ ಬಗ್ಗಿ ನೋಡಿದ್ಲು.

ಮೂಲೆ ಖಾಲಿ.

ಬಾಗಿಲಿನ ನೋಟ ಇಲ್ಲ!

ಕೆಳಗೆ ಮಾತ್ರ ದಪ್ಪಕ್ಷರದಲ್ಲಿ ಇತ್ತು: ಬರೆದವರು, ರಾವಿಯಾ.

ತಲೆ ಎತ್ತಿ ಸೆರಾಗ್ ಕಡೆ ನೋಡಿದ್ಲು. ಅವನು ಹಾಳೇನೇ ನೋಡ್ತಿದ್ದ. ಒಂದು ಮಾತು… ಒಂದೇ ಒಂದು ಮಾತು ಆಡ್ಲಿಲ್ಲ.

'ಬಾಗಿಲಲ್ಲಿ ಬಗ್ಗಿ ನಿಂತು ಕಲಿತೋನು… ಕಿತ್ತು ಬಿಸಾಕಿದೆ ಅಲ್ವಾ? ಮೊದಲ ದಿನದ ಸೇಡು ತೀರಿಸ್ಕೊಂಡೆ ಅಲ್ವಾ?'

"ಹೆಸರು ನಿಂದು ಮಗಳೇ" ಅಂದ್ರು ಹಾಜ್. "ಬಹೀಗಾ ಅಮ್ಮನ ಹತ್ರ ತಪ್ಪಾಯ್ತು ಅನ್ನು. ಮುಗೀಲಿ."

"ಅನ್ನಲ್ಲ."

"ಏನಂದೆ?"

"ಅನ್ನಲ್ಲ ಅಂದೆ ಹಾಜ್. ತಪ್ಪು ನಂದಾಗಿದ್ರೆ ಕಾಲಿಗೆ ಬೀಳ್ತಿದ್ದೆ. ನಂದಲ್ಲ. ನನ್ನ ಮಾಡೆಲಲ್ಲಿ ಬಳ್ಳಿ ಬಾಗಿಲ ಕಡೇನೇ ಇದೆ."

ಹಾಜ್‌ಗೆ ಗಿರಾಕಿ ಮುಂದೆ ಮಾನ ಹೋದ ಹಾಗಾಯ್ತು. ಒಳ್ಳೇ ಮನುಷ್ಯ, ಆದ್ರೆ ಸಿಟ್ಟು ಬಂದ್ರೆ ಮೀಸೆ ಒಂದೊಂದು ಕೂದಲೂ ಬೇರೆ ಬೇರೆ ದಿಕ್ಕಿಗೆ ನಿಲ್ತಿತ್ತು.

"ಗುರುವಾರ ಬಹೀಗಾ ಅಮ್ಮ ಮತ್ತೆ ಬರ್ತಾರೆ. ಅವತ್ತು ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು. ಇಲ್ಲಾಂದ್ರೆ ಮೇಲಿನ ಕೋಣೆ ಬೀಗದ ಕೈ ಇಟ್ಟು ಹೋಗ್ತಿರು. ಇನ್ಮೇಲೆ ಆ ಮೂರು ನೋಟ ಸಾಕು, ಆ ಸೊಟ್ಟ ಚಿತ್ರ ನನ್ನ ಕಾರ್ಖಾನೇಲಿ ಬೇಡ!"

ರಾವಿಯಾ ಕಣ್ಣಲ್ಲಿ ನೀರು ಬಂತು. ಬಂದ ನೀರಿಗೇ ಬೈದು ವಾಪಸ್ ಕಳಿಸಿದ್ಲು.

*

ಮನೇಲಿ ಫೋನ್ ಬಡ್ಕೊಂಡಿತು. ಸೆರಾಗ್. ಮತ್ತೆ ಸೆರಾಗ್. ಮತ್ತೂ ಸೆರಾಗ್.

"ಎತ್ತೇ! ಇಲ್ಲಾ ಬಾವಿಗೆ ಹಾಕೇ!" ಅಂದ್ಲು ಉಮ್ಮು ರಾವಿಯಾ, ಬೆಂಡೆಕಾಯಿ ಹೆಚ್ತಾ.

"ಎತ್ತಲ್ಲ. ಅವನ ದನಿ ಕೇಳಿದ್ರೆ ಕ್ಷಮಿಸಿಬಿಡ್ತೀನಿ, ಗೊತ್ತು ನಂಗೆ."

"ಓಹೋ! ಕಾಯಿಲೆ ಅಷ್ಟು ದೂರ ಬಂದಿದ್ಯಾ?"

"ಅಮ್ಮಾ!"

"ನಾನೇನೂ ಅನ್ಲಿಲ್ಲಪ್ಪಾ. ಬೆಂಡೆಕಾಯಿ ಬೆಳೆದುಬಿಟ್ಟಿದೆ ಅಂದೆ ಅಷ್ಟೇ."

ರಾವಿಯಾ ಆ ಹಾಳೆ ಮಡಿಚಿ ತಂದಿದ್ಲು. ಹೋಗೋದೇ ಆದ್ರೆ ಹೋಗ್ಲಿ, ಆದ್ರೆ ಕಳ್ಳಿ ಥರ ತಲೆ ತಗ್ಗಿಸಿ ಹೋಗಲ್ಲ! ಹಾಳೇನ ಅಡುಗೆಮನೆ ಮೇಜಿನ ಮೇಲೆ ಹರಡಿ, ದಿಟ್ಟಿಸಿ ದಿಟ್ಟಿಸಿ ನೋಡಿದ್ಲು. ಮಾಡೆಲ್ ಸರಿ. ಉಸ್ತಾ ಗನ್ನಾಮ್ ಹುಟ್ಟುವಾಗ್ಲೇ ಉಳಿ ಹಿಡ್ಕೊಂಡು ಹುಟ್ಟಿದೋನು, ಅವನೂ ಸರಿ. ಹಾಗಾದ್ರೆ ಬಳ್ಳಿ ಗೋಡೆಗೆ ಹೇಗೆ ಹೋಯ್ತು?

ಕೋಣೆ ಬಾಗಿಲ ಕಡೆ ಇರೋ ಮಗ್ಗಲು ಅಂದ್ರೆ ಬೀರುವಿನ ಎಡ ಮಗ್ಗಲು. ಹಾಳೇಲಿ ಆ ಎಡ ಮಗ್ಗಲಿನ ಚಿತ್ರ… ಎಡಗಡೆ ಕೂತಿತ್ತು.

'ಎಡಗಡೆ ಯಾಕೆ ಕೂತಿದೆ ಇದು?!'

ಕಣ್ಣು ಹಾಳೆಯ ಕೆಳಮೂಲೆಗೆ ಓಡ್ತು. ಅಲ್ಲೊಂದು ಗುರುತು ಇರತ್ತೆ, ತುದಿ ಕತ್ತರಿಸಿದ ಸಕ್ಕರೆ ಅಚ್ಚಿನ ಥರ, ಪಕ್ಕದಲ್ಲಿ ಎರಡು ದುಂಡು. ದುಂಡು ಯಾವ ಕಡೆ ಇದೆ ಅನ್ನೋದರ ಮೇಲೆ ಹಾಳೇನ ಹೇಗೆ ಓದ್ಬೇಕು ಅಂತ ಗೊತ್ತಾಗತ್ತೆ. ದುಂಡು ಇರ್ಬೇಕಾದ ಕಡೆ ಬಿಟ್ಟು ಇನ್ನೊಂದು ಕಡೆಗೆ ಹೋಗಿಬಿಟ್ಟಿತ್ತು!

"ಅಮ್ಮಾ, ಆ ಚೌಕದ ಟೀ ಪುಡಿ ಡಬ್ಬಿ ಕೊಡು."

"ಟೀ ಬೇಕಾ?"

"ಬೇಡ. ಡಬ್ಬಿ ಬೇಕು. ಗುರುವಾರಕ್ಕೆ!"

*

ಗುರುವಾರ ಬಂತು. ಬಹೀಗಾ ಅಮ್ಮ ಒಬ್ಬಳೇ ಬರ್ಲಿಲ್ಲ, ಅಕ್ಕ ತಂಗಿ ನಾದಿನಿ ಅಂತ ಒಂದು ಸೈನ್ಯಾನೇ ಕರ್ಕೊಂಡು ಬಂದ್ಲು. ಕಾರ್ಖಾನೆ ಮಧ್ಯೆ ಕುರ್ಚಿ ಹಾಕಿದ್ರು. ಸೆರಾಗ್ ಮೂಲೇಲಿ ನಿಂತಿದ್ದ. ಅಂಗಿ ಮುದುಡಿತ್ತು, ಕೂದಲಲ್ಲಿ ಮರದ ಪುಡಿ. ರಾವಿಯಾ ಆ ಕಡೆ ನೋಡ್ಲಿಲ್ಲ. ನೋಡ್ದೇನೇ ಎಲ್ಲಾ ಕಂಡ್ಲು, ಅದು ಬೇರೆ ಮಾತು!

"ಹೇಳು ಮಗಳೇ" ಅಂದ್ರು ಹಾಜ್.

"ಹೇಳ್ತೀನಿ. ಆದ್ರೆ ತಪ್ಪಾಯ್ತು ಅಂತಲ್ಲ."

ಚೀಲದಿಂದ ಟೀ ಡಬ್ಬಿ ತೆಗೆದು ಹಾಳೆ ಮೇಲೆ ಅಂಗಾತ ಮಲಗಿಸಿದ್ಲು.

"ಬಹೀಗಾ ಅಮ್ಮ, ಇದು ನಿಮ್ಮ ಬೀರು ಅನ್ಕೊಳ್ಳಿ. ಮುಖ ಮೇಲಿದೆ. ಇದರ ಎಡ ಮಗ್ಗಲು ನೋಡ್ಬೇಕು, ಏನ್ಮಾಡ್ತೀರಿ?"

"ಉರುಳಿಸ್ತೀನಿ."

"ಉರುಳಿಸಿ."

ಬಹೀಗಾ ಅಮ್ಮ ಡಬ್ಬೀನ ಬಲಕ್ಕೆ ಉರುಳಿಸಿದ್ಲು. ಎಡ ಮಗ್ಗಲು ಮೇಲೆ ಬಂತು, ಡಬ್ಬಿ ಬಲಗಡೆ ಹೋಗಿ ಕೂತಿತು.

"ನೋಡಿದ್ರಾ? ಅದಕ್ಕೇ ದುಮ್ಯಾತ್ ಬಡಗಿಗೆ ಎಡ ಮಗ್ಗಲಿನ ಚಿತ್ರ ಬಲಗಡೆ ಬರೆದು ಕೊಡ್ಬೇಕು. ಇಲ್ಲಿ ಅಪ್ಪ, ತಾತ ಎಲ್ಲಾ ಹಾಗೇ ಓದಿದ್ದು. ಅಮೆರಿಕದೋರು ಡಬ್ಬಿ ಉರುಳಿಸಲ್ಲ, ಬಾಳೆಹಣ್ಣಿನ ಥರ ಸುಲೀತಾರೆ. ಎಡ ಸಿಪ್ಪೆ ಎಡಕ್ಕೇ ಬೀಳತ್ತೆ. ಈ ಹಾಳೆ ಸುಲಿದಿರೋ ಹಾಳೆ. ನಮ್ಮ ಉಸ್ತಾ ಓದಿದ್ದು ಉರುಳಿಸೋ ಲೆಕ್ಕದಲ್ಲಿ. ಎಡದ ಬಳ್ಳಿ ಬಲಕ್ಕೆ ಹೋಯ್ತು. ಉಸ್ತಾ ಕೈಯದೂ ತಪ್ಪಿಲ್ಲ, ನನ್ನ ಮಾಡೆಲ್‌ದೂ ತಪ್ಪಿಲ್ಲ."

ಡಬ್ಬೀನ ಪಕ್ಕಕ್ಕಿಟ್ಟು ಹಾಳೆಯ ಖಾಲಿ ಮೂಲೆ ಮೇಲೆ ಬೆರಳಿಟ್ಲು.

"ಇನ್ನೊಂದು. ಈ ಮೂಲೇಲಿ ನನ್ನ ಸೊಟ್ಟ ಚಿತ್ರ ಇದ್ದಿದ್ರೆ, ಬಾಗಿಲಲ್ಲಿ ನಿಂತ ನಿಮ್ಮ ಮಗಳ ಕಣ್ಣಿಗೆ ಬಳ್ಳಿ ಕಾಣ್ತಿತ್ತು. ಉಸ್ತಾ ಉಳಿ ಎತ್ತೋಕೆ ಮುಂಚೇನೇ ಕೇಳ್ತಿದ್ದ, 'ಇದೇನಿದು, ಎರಡೂ ಹೊಂದ್ತಿಲ್ವಲ್ಲಾ' ಅಂತ. ಆ ಚಿತ್ರ ಬೇಡ ಅಂತೀರಾ ಹಾಜ್? ಹಾಗಾದ್ರೆ ಬೀಗದ ಕೈ ತಗೊಳ್ಳಿ. ಕಣ್ಣಿಲ್ಲದ ಹಾಳೆ ಮೇಲೆ ನಾನು ನನ್ನ ಹೆಸರು ಬರೆಯಲ್ಲ!"

ಠಣ್ ಅಂತ ಬೀಗದ ಕೈ ಮೇಜಿನ ಮೇಲೆ ಬಿತ್ತು.

"ಯಾರು ಮಾಡಿದ್ದು ಈ ಹಾಳೇನ?" ಅಂದ್ರು ಹಾಜ್.

ರಾವಿಯಾ ಬಾಯಿ ತೆರೆದ್ಲು… ಮುಚ್ಚಿದ್ಲು. ಅವಳಿಗೆ ಗೊತ್ತಿತ್ತು. ಆದ್ರೆ ಚಾಡಿ ಹೇಳಿ ಗೆಲ್ಲೋಳಲ್ಲ ಅವಳು.

"ನಾನು."

ಸೆರಾಗ್ ಮುಂದೆ ಬಂದ.

"ನಾನು ಹಾಜ್. ಕೆಲಸ ಬೇಗ ಆಗ್ಲಿ ಅಂತ ನನ್ನ ಹಳೇ ಫ್ಯಾಕ್ಟರೀಲಿ ಬಳಸ್ತಿದ್ದ, ಅಮೆರಿಕದ ಲೆಕ್ಕದ ಹಾಳೆ ಅಚ್ಚನ್ನೇ ಹಾಕ್ದೆ. ಒಂದು ಗುಂಡಿ ಒತ್ತಿದೆ, ಮೂರು ನೋಟ ಬಂತು. ಇವ್ರು ನಿಲ್ಲಿಸಿಟ್ಟಿದ್ದ ನೋಟ ಆ ಅಚ್ಚಿಗೆ ಬರಲ್ಲ ಅಂತ ಗೊತ್ತಿರ್ಲಿಲ್ಲ. ಲಾರಿ ಬರತ್ತೆ ಅನ್ನೋ ಅವಸರಕ್ಕೆ ಹಾಳೇನ ತಿರುಗಿ ನೋಡ್ಲೂ ಇಲ್ಲ. ತಪ್ಪು ನಂದು. ಬಹೀಗಾ ಅಮ್ಮ, ತಪ್ಪಾಯ್ತು."

ಹೇಳಿ ಪಕ್ಕದ ಬಟ್ಟೆ ಎಳೆದ. ಕೆಳಗೆ ಹೊಸ ಹಲಗೆ. ಅದರ ತುಂಬಾ ದ್ರಾಕ್ಷಿ ಬಳ್ಳಿ!

"ಉಸ್ತಾ ಕೆತ್ತಿದ್ದು" ಅಂದ. "ನಾನು ಬರೀ ಉಜ್ಜಿದ್ದು."

"ಉಜ್ಜಿದ್ದು ಅಂತೆ!" ಅಂದ ಗನ್ನಾಮ್. "ಮರ ಉಜ್ಜಿದ್ದು ಸ್ವಲ್ಪ, ಚರ್ಮ ಉಜ್ಕೊಂಡಿದ್ದು ಜಾಸ್ತಿ. ಕೈ ನೋಡಿ, ಅರೆದ ಕುರಿ ಮಾಂಸ!"

ಬಹೀಗಾ ಅಮ್ಮ ಎದ್ದು ಹಲಗೆ ಸವರಿದ್ಲು. ಕನ್ನಡಕ ಹಾಕಿ ನೋಡಿದ್ಲು, ತೆಗೆದು ನೋಡಿದ್ಲು.

"ಅಂದ್ರೆ… ಈಗ ಎರಡೂ ಮಗ್ಗಲಿಗೂ ಬಳ್ಳಿ?"

"ಎರಡಕ್ಕೂ" ಅಂದ್ರು ಹಾಜ್, ಅಳೋ ದನೀಲಿ.

"ನಾನು ಮೊದಲಿಂದಾನೂ ಎರಡೂ ಕಡೆ ಅಂತಾನೇ ಹೇಳಿದ್ದು!" ಅಂತ ತಂಗಿ ಕಡೆ ತಿರುಗಿದ್ಲು. "ಹೇಳಿರ್ಲಿಲ್ವೇನೇ?"

ಸೈನ್ಯ ಎಲ್ಲಾ "ಹೌದೌದು" ಅಂತು.

ಹಾಜ್ ಗಂಟಲು ಸರಿ ಮಾಡ್ಕೊಂಡ್ರು. "ಸರಿ ಮಗಳೇ, ಬೀಗದ ಕೈ ತಗೊಂಡು ಮೇಲೆ ಹೋಗು. ಮುಗೀತು."

"ಮುಗೀಲಿಲ್ಲ."

"ಇನ್ನೇನು ತಾಯೀ?"

"ಬೈದಿದ್ದು ಎಲ್ಲರ ಮುಂದೆ. ವಾಪಸ್ ತಗೊಳೋದೂ ಎಲ್ಲರ ಮುಂದೆ."

ಮೀಸೆ ಒಂದ್ಸಲ ನಾಕೂ ದಿಕ್ಕಿಗೆ ಹೋಯ್ತು. ಆಮೇಲೆ ಮೆಲ್ಲಗೆ ಕೆಳಗಿಳೀತು.

"ತಪ್ಪು ನನ್ನ ತಲೆ ಮೇಲೆ ಮಗಳೇ" ಅಂದ್ರು ಹಾಜ್, ತಲೆ ಮುಟ್ಕೊಂಡು. "ಇನ್ಮೇಲೆ ನಿನ್ನ ಬಾಗಿಲಿನ ಚಿತ್ರ ಇಲ್ದೆ ಒಂದು ಮುಕ್ಕಾಲಿ ಕೂಡ ಈ ಕಾರ್ಖಾನೆ ದಾಟಲ್ಲ. ಸಾಕಾ?"

"ಸಾಕು" ಅಂದ್ಲು. ಬೀಗದ ಕೈ ತಗೊಂಡು ಮೆಟ್ಟಿಲು ಹತ್ತಿದ್ಲು, ರಾಣಿ ಥರ. ಮೇಲೆ ಹೋದ ತಕ್ಷಣ ಕೂತು ಗೊಳೋ ಅಂತ ಅತ್ಲು, ಮಗು ಥರ!

*

ಬಾಗಿಲಲ್ಲಿ ಕೆಮ್ಮು ಕೇಳಿಸ್ತು. ಸೆರಾಗ್.

"ಅವತ್ತು ಯಾಕೆ ಒಂದು ಮಾತೂ ಆಡ್ಲಿಲ್ಲ?" ಅವಳು ತಿರುಗಲೇ ಇಲ್ಲ.

"ಅವತ್ತು ಏನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಹಾಳೆ ನೋಡ್ತಾ ನಿಂತುಬಿಟ್ಟೆ. ಮೂಲೆ ಖಾಲಿ ಇದ್ದಿದ್ದು ನೋಡಿ ನಾಲಿಗೆ ಬಿದ್ದುಹೋಯ್ತು. ಗೊತ್ತಾದ ಮೇಲೆ ಫೋನ್ ಮಾಡ್ದೆ. ಎಷ್ಟು ಸಲ…"

"ಬೇಕೂಂತಾನೇ ತೆಗೆದ್ರಿ ಅಂದ್ಕೊಂಡೆ."

"ಅದನ್ನ ತೆಗೀತೀನಾ ನಾನು? ರಾವಿಯಾ… ಈ ಕೋಣೇನ ನಾನು ಸರಿಯಾಗಿ ನೋಡಿದ್ದೇ ಆ ಎತ್ತರದಿಂದ."

ಅವಳು ತಿರುಗಿದ್ಲು. ಅವನು ಬಾಗಿಲಲ್ಲಿ ಮಂಡಿ ಬಗ್ಗಿಸಿ ನಿಂತಿದ್ದ. ಯಾರೂ ಹೇಳಿರ್ಲಿಲ್ಲ!

"ಏನ್ ಮಾಡ್ತಿದೀರಾ?"

"ನೋಡ್ತಿದೀನಿ. ಶುಕ್ರವಾರ ನಮ್ಮಮ್ಮನ್ನ ನಿಮ್ಮ ಮನೆಗೆ ಕರ್ಕೊಂಡು ಬರ್ಲಾ?"

ರಾವಿಯಾ ಎದೆ ಒಳಗಿನ ಉಳಿ ಮತ್ತೆ ಶುರು ಆಯ್ತು.

"ಬನ್ನಿ. ಆದ್ರೆ ದುಮ್ಯಾತ್ ಮನೆ ಅದು, ನಮ್ಮೂರೋರು ಜಿಪುಣರು ಅಂತ ಲೋಕಾನೇ ನಗತ್ತೆ. 'ಊಟ ಮಾಡ್ತೀರೋ, ಇಲ್ಲಾ ಹಗುರಾಗಿ ಮಲ್ಕೋತೀರೋ' ಅಂತ ಕೇಳ್ತಾಳೆ ನಮ್ಮಮ್ಮ."

"ಹಗುರಾಗೇ ಮಲ್ಕೋತೀವಿ."

"ಮದುವೆ ಆದ್ಮೇಲೂ ಈ ಕೋಣೆ ಬೀಗದ ಕೈ ನನ್ನ ಹತ್ರಾನೇ ಇರತ್ತೆ."

"ಕೇಳೋಕೆ ನಾನ್ಯಾರು?"

"ನಮ್ಮ ಬೀರು, ನಮ್ಮ ಮಂಚ, ಎಲ್ಲದರ ಹಾಳೆ ನಾನೇ ತೆಗೀತೀನಿ. ನೀವು ಗುಂಡಿ ಮುಟ್ಟಕೂಡ್ದು."

"ಮುಟ್ಟಲ್ಲ. ಬಾಗಿಲಿನ ನೋಟ ಮಾತ್ರ ಮರೀಬೇಡ."

ಅವಳು ಕಂಪ್ಯೂಟರ್ ಕಡೆ ತಿರುಗಿದ್ಲು. ಖಾಲಿ ಕೋಣೆಯ ಮಾಡೆಲ್ ಒಂದು ತೆಗೆದು, ಕಣ್ಣೀರು ಒರೆಸ್ಕೊಂಡು, ದನೀನ ಗಟ್ಟಿ ಮಾಡ್ಕೊಂಡು ಕೇಳಿದ್ಲು:

"ಮದುಮಗಳ ಎತ್ತರ ಎಷ್ಟು, ಇಂಜಿನಿಯರ್ ಸಾಹೇಬ್ರೇ?"

"ನನ್ನ ಭುಜದಷ್ಟು."

"ಸುಳ್ಳು! ಭುಜಕ್ಕಿಂತ ನಾಕು ಬೆರಳು ಜಾಸ್ತಿ!"

"ಬಂದು ನಿಂತು ತೋರ್ಸು."

ಎದ್ದು ಹೋದ್ಲು. ಬಾಗಿಲು ತೆರೆದೇ ಇತ್ತು, ಕೆಳಗೆ ಗರಗಸಗಳೆಲ್ಲಾ ಕಿವಿ ನಿಮಿರಿಸಿ ಸುಮ್ನಾಗಿದ್ವು. ಅವನು ಮಂಡಿ ನೆಟ್ಟಗೆ ಮಾಡಿ ನಿಂತ. ಅವನ ಮುಂದೆ, ಗೇಣು ದೂರದಲ್ಲಿ, ಅವಳು ಗಲ್ಲ ಎತ್ತಿ ನಿಂತ್ಲು.

"ಈಗ ಹೇಳಿ. ನಾಕು ಬೆರಳು ಜಾಸ್ತಿ ಇದೆ ತಾನೇ?"

"ಗೊತ್ತಾಗ್ಲಿಲ್ಲ…" ಅಂದ ಸೆರಾಗ್. "ಇನ್ನೂ ಸ್ವಲ್ಪ ಹೊತ್ತು ನಿಂತಿರು."

ನಿಂತ್ಲು.